ರೆಕ್ಕೆಯ ಬೆನ್ನು

ಅಂಟಿನ ಮೇಲೆ ಕೆನೆ ಕಟ್ಟುತ್ತಿದೆ, ಹಾಲಿನ ಕೆನೆಯಷ್ಟು ದಪ್ಪವಲ್ಲ, ಇನ್ನೂ ತೆಳು, ನಿದ್ದೆ ಹೋದವರ ರೆಪ್ಪೆಯ ಹಾಗೆ, ಬೆರಳು ತಾಗಿಸಿದರೆ ಸುಕ್ಕಾಗಿ ಒಂದು ಬದಿಗೆ ಸರಿಯುತ್ತದೆ, ಸರಿದ ಜಾಗದಿಂದ ಹಬೆ ಏಳುತ್ತದೆ, ಅಂದರೆ ಒಳಗಿನ್ನೂ ಬಿಸಿ ಇದೆ, ಇನ್ನೂ ಹೊತ್ತಿದೆ — ಹೊತ್ತೆಲ್ಲಿದೆ, ಮೇಸ್ತ್ರಿ ಊಟ ಮುಗಿಸಿ ಬರುತ್ತಾರೆ, ಬಂದು ಕಸೂತಿ ಮುಖ ನೋಡ್ತೀನಿ ಕಣಮ್ಮಾ ಅಂತ ಅಮ್ಮನಿಗೆ ಹೇಳಿ, ಹೋಗುವಾಗ ಇವಳ ಕಡೆಗೂ ಒಂದು ನೋಟ ಬಿಸಾಕಿ ಹೋಗಿದ್ದಾರೆ, ನಿಮ್ಮಮ್ಮನ ಕಣ್ಣು ಹೇಗಿದೆ ಅನ್ನುವುದೂ ಆ ನೋಟದಲ್ಲಿತ್ತು, ಮೂಲೆಯಲ್ಲೊಂದು ಜಾಗ ಖಾಲಿ ಇದೆ ಅನ್ನುವುದೂ ಇತ್ತು. ಆ ಮೂಲೆ. ಕಣ್ಣು ಸೋತವರು ಕೈ ನಡುಗುವವರು ಕೂತು ದಾರದ ಲಡಿ ಬಿಡಿಸಿ ಉಂಡೆ ಸುತ್ತುವ ಮೂಲೆ, ಅಲ್ಲಿ ಕೂತವರು ಮತ್ತೆ ಎದ್ದು ಚೌಕಟ್ಟಿನ ಮುಂದೆ ಬಂದದ್ದನ್ನು ಇಲ್ಲಿ ಯಾರೂ ಕಂಡಿಲ್ಲ, ಅದನ್ನು ದಾಟುವಾಗ ಅಮ್ಮ ಯಾವಾಗಲೂ ಹೆಜ್ಜೆ ಚುರುಕು ಮಾಡುತ್ತಾಳೆ, ಅಲ್ಲಿ ಸೇರಿಸಿದ ದಿನ ನಾನು ಸೂಜಿ ನುಂಗ್ತೀನಿ ಅಂತ ಒಮ್ಮೆ ನಗುತ್ತಲೇ ಅಂದಿದ್ದಳು, ಎಲ್ಲರೂ ನಕ್ಕಿದ್ದರು, ಪಕ್ಕದ ಚೌಕಟ್ಟಿನವಳು, ಬಾಯಿಗೆ ಬಿಡುವಿಲ್ಲದ್ದಕ್ಕೆ ಎಲ್ಲರೂ ಪಟಾಕಿ ಅಂತ ಕರೆಯುವವಳು, ನುಂಗೋ ಮುಂಚೆ ದಾರ ಪೋಣಿಸ್ಕೊಳ್ಳಿ ಅಕ್ಕಾ, ಒಳಗೂ ಒಂದು ಹೂ ಆಗ್ಲಿ ಅಂದಿದ್ದಳು. ಇವಳೂ ನಕ್ಕಿದ್ದಳು.

ಕಲಸು, ಕೈ ನಿಲ್ಲಿಸಬೇಡ, ಗಂಟಾದರೆ ಹಿಟ್ಟು ಹಾಳು, ಅಂಟೂ ಹಾಳು. ಅದು ಅಜ್ಜಿಯ ದನಿ. ಒಂದು ಕಥೆ ಮುಗಿಯುವಷ್ಟು ಹೊತ್ತು ಸಣ್ಣ ಉರಿಯಲ್ಲಿ ತಿರುವಿದರೆ ಅಂಟು ಹದಕ್ಕೆ ಬರುತ್ತದೆ ಅಂತ ಅಜ್ಜಿಯ ಲೆಕ್ಕ, ಕಥೆ ರಾಜಕುಮಾರಿಯನ್ನು ಕಾಡಿಗೆ ಅಟ್ಟುವಾಗ ನೀರು ಬಿಸಿಯಾಗುತ್ತಿತ್ತು, ರಾಕ್ಷಸಿಯ ಜೀವ ಯಾವ ಮರದ ಪೊಟರೆಯಲ್ಲಿದೆ ಅಂತ ಗೊತ್ತಾಗುವಾಗ ಹಿಟ್ಟು ಪಾರದರ್ಶಕವಾಗುತ್ತಿತ್ತು, ಅವರು ಅಲ್ಲಿ ನಾವು ಇಲ್ಲಿ ಅನ್ನುವಾಗ ಇಳಿಸಬೇಕು. ಇವತ್ತು ಇವಳು ಮನಸ್ಸಿನಲ್ಲೇ ಕಥೆ ಹೇಳಿಕೊಂಡು ತಿರುವಿದ್ದಳು, ಅರ್ಧದಲ್ಲಿ ರಾಕ್ಷಸಿ ಯಾವ ಕಡೆ ಹೋದಳೋ ಮರೆತೇಹೋಯಿತು, ಆದರೂ ಅಂಟು ಹದವಾಗಿ ಬಂತು, ಬೆರಳ ನಡುವೆ ಎಳೆದರೆ ನೂಲಿನಂತೆ ಬರುವಷ್ಟು. ಅಮ್ಮಾ, ಇವತ್ತು ಅಂಟು ನಾನೇ ಹಚ್ಲಾ ಅಂತ ಕೇಳಿದ್ದಳು, ಕೇಳಿ ನಾಲಿಗೆ ಕಚ್ಚಿಕೊಂಡಿದ್ದಳು, ಯಾಕೆಂದರೆ ಇಲ್ಲಿ ಯಾರ ಕಸೂತಿಗೆ ಅವರೇ ಅಂಟು ಹಚ್ಚಬೇಕು, ಹೊಲಿಗೆಯ ತುದಿಗಳು ಬಿಚ್ಚದಂತೆ ಬಟ್ಟೆಯ ಬೆನ್ನಿಗೆ ಬಳಿಯುವ ಆ ಅಂಟನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಬೆನ್ನು ಬಿಚ್ಚಿ ತೋರಿಸಿದ ಹಾಗೆ, ಮುಖ ಊರೆಲ್ಲ ನೋಡ್ಲಿ, ಬೆನ್ನು ನಂದು, ಅಂತ ಅಮ್ಮನೇ ಹೇಳುತ್ತಿದ್ದಳಲ್ಲ. ಬೈಯುತ್ತಾಳೆ ಅಂದುಕೊಂಡಿದ್ದಳು. ಯಾಕೆ, ನನ್ನ ಕೈಗೇನು ಧಾಡಿ ಅನ್ನಬೇಕಿತ್ತು. ಅಮ್ಮ ಹಚ್ಚು ಅಂದಳು. ಅಷ್ಟೇ. ಹಚ್ಚು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ಬೈಯಬಾರದಿತ್ತೇ ಅಮ್ಮಾ.

ಚೌಕಟ್ಟನ್ನು ಇಬ್ಬರೂ ಹಿಡಿದು ಕಿಟಕಿಗೆ ಒರಗಿಸಿದ್ದರು, ಮುಖ ಕಿಟಕಿಯ ಕಡೆಗೆ, ಬೆನ್ನು ಕೋಣೆಯ ಕಡೆಗೆ, ಮುಖಕ್ಕೆ ಹೊದಿಸಿದ್ದ ಬಟ್ಟೆಯ ಪಿನ್ನುಗಳನ್ನು ಇವಳೇ ಕೈ ಆಚೆ ಚಾಚಿ ತಡವಿ ತಡವಿ ಕಿತ್ತಿದ್ದಳು, ಇಣುಕಿ ನೋಡಿರಲಿಲ್ಲ, ನೋಡಿದ್ದರೆ, ಒಂದೇ ಒಂದು ಸಲ ಕತ್ತು ಚಾಚಿದ್ದರೆ, ಆದರೆ ನೋಡುವುದೇ ಅಮ್ಮನನ್ನು ಅನುಮಾನಿಸಿದಂತೆ ಅಂದುಕೊಂಡಿದ್ದಳು, ಈಗ ಮುಖ ಕಂಡಿರುವುದು ಕೆಳಗಿನ ಬೀದಿಗೆ ಮಾತ್ರ. ಹಾರುವ ಕೊಕ್ಕರೆ. ಬಿಳಿ ರೇಷ್ಮೆಯ ಮೇಲೆ ಬಿಳಿಯದೇ ಕೊಕ್ಕರೆ, ರೆಕ್ಕೆಯ ತುದಿ ಮಾತ್ರ ಕಪ್ಪು, ಯಾವುದೋ ದೊಡ್ಡ ಸಭಾಂಗಣದ ಗೋಡೆಗೆ. ಬೆನ್ನಿನಲ್ಲಿ ಕೊಕ್ಕರೆ ತಿರುವುಮುರುವಾಗಿ ಹಾರುತ್ತದೆ, ಬಲದಿಂದ ಎಡಕ್ಕೆ, ಅಮ್ಮ ಹೊಲಿದದ್ದೂ ಕೊಕ್ಕಿನಿಂದ ಶುರುಮಾಡಿ ರೆಕ್ಕೆಯ ಕಡೆಗೆ, ಇವಳು ಅಂಟು ಹಚ್ಚುತ್ತಿರುವುದೂ ಅದೇ ದಾರಿಯಲ್ಲಿ, ಕುಂಚದ ತುದಿಯಿಂದ ಸ್ವಲ್ಪ ಸ್ವಲ್ಪ, ಹೊಲಿಗೆಯ ಮೇಲಷ್ಟೇ, ಆಚೀಚೆ ತಾಗದಂತೆ. ಕೊಕ್ಕು ಎಷ್ಟು ಚೊಕ್ಕ, ಬೆನ್ನು ಯಾವುದು ಮುಖ ಯಾವುದು ಗೊತ್ತಾಗದ ಹಾಗೆ, ಒಂದು ತುದಿ ಹೊರಗಿಲ್ಲ, ಕೊಕ್ಕಿನ ಹತ್ತಿರ ಅಮ್ಮನಿಗೆ ಕಣ್ಣಿತ್ತು. ಕತ್ತಿನಲ್ಲಿ ಒಂದು ಎಳೆ ಸಡಿಲ, ಇರಲಿ, ಆಗ ಮೋಡದ ದಿನಗಳು, ದೀಪ ಹತ್ತಿರ ತಾ ಅನ್ನುತ್ತಿದ್ದಳು. ಎದೆಯ ಹತ್ತಿರ ಬಾಲ ಬಿಟ್ಟ ದಾರದ ತುದಿಗಳು, ಅಮ್ಮ ತುದಿಗಳನ್ನು ಒಳಗೆ ಸೇರಿಸದೆ ಬಿಡುವವಳೇ ಅಲ್ಲ, ಆ ಹೊತ್ತಿಗೇ ಅಲ್ಲವೇ ಕರೆಯತೊಡಗಿದ್ದು, ನಿನ್ನ ಕಣ್ಣು ಎಳೇದು, ಸುಮ್ನೆ ಕೂತು ಕನಸು ಕಾಣ್ತಿರ್ತೀಯಲ್ಲ, ಸೂಜಿಗಾದ್ರೂ ಪೋಣಿಸಿಕೊಡು ಅಂತ. ಆಮೇಲೆ ಕರೆಯುವುದೂ ಬೇಡವಾಯಿತು, ದಿನಾ ಬೆಳಿಗ್ಗೆ ಇವಳೇ ಸೂಜಿಗಳಿಗೆಲ್ಲ ದಾರ ಪೋಣಿಸಿ ಅಮ್ಮನ ಪಕ್ಕದ ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದಳು, ಹೊತ್ತು ಉಳಿಯುತ್ತೆ ನೋಡು ಅಂತ ಅಮ್ಮ, ಹೌದಮ್ಮ ಹೊತ್ತು ಉಳಿಯುತ್ತೆ ಅಂತ ಇವಳು, ಇಬ್ಬರೂ ಅದನ್ನೇ ಹೇಳಿಕೊಂಡು ಎಷ್ಟು ಜೋಪಾನವಾಗಿ ಒಬ್ಬರಿಗೊಬ್ಬರು ಸುಳ್ಳು ನಂಬಿಸಿದ್ದರು. ರೆಕ್ಕೆಯ ಬುಡದಲ್ಲಿ ದಾರ ಒಂದು ಗರಿಯಿಂದ ಇನ್ನೊಂದು ಗರಿಗೆ ಹಾರಿದೆ, ಗಂಟುಗಳು, ಗಂಟಿನ ಮೇಲೆ ಗಂಟು, ದಾರಿ ತಪ್ಪಿದವರು ಅದೇ ಮರವನ್ನು ಸುತ್ತಿದ ಹಾಗೆ ಒಂದೇ ಕಡೆ ಸುತ್ತಿದ ಎಳೆಗಳು. ಒಂದು ಹಕ್ಕಿಯ ಉದ್ದಕ್ಕೂ ಅಮ್ಮನ ಕಣ್ಣು ಹೀಗೆ ಹೋಗಿದೆ, ಪಕ್ಕದಲ್ಲೇ ಕೂತಿದ್ದಳು ಇವಳು, ದಿನಾ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಪರವಾಗಿಲ್ಲ, ಅಂಟಿದೆಯಲ್ಲ, ಅಂಟು ಎಲ್ಲವನ್ನೂ ಹಿಡಿಯುತ್ತದೆ, ಸಡಿಲವನ್ನೂ ಬಾಲವನ್ನೂ, ಮುಖ ಚೆನ್ನಾಗಿದ್ದರೆ ಮೇಸ್ತ್ರಿ ಬೆನ್ನು ನೋಡುವುದಿಲ್ಲ, ಹಚ್ಚು, ಬೇಗ ಹಚ್ಚು, ಒಣಗುವ ಮೊದಲು ಆಚೆ ತುದಿ ಮುಟ್ಟು — ಕುಂಚ ರೆಕ್ಕೆಯ ತುದಿಗೆ ಬಂತು, ನಿಂತಿತು.

ಅಲ್ಲಿ ದಾರವಿಲ್ಲ. ತೂತುಗಳಿವೆ. ಒಂದರ ಪಕ್ಕ ಒಂದು, ಒತ್ತೊತ್ತಾಗಿ, ಗರಿಯ ಬಾಗಿಗೆ ತಕ್ಕಂತೆ ಬಾಗುತ್ತ, ಸೂಜಿ ಹೋಗಿ ಬಂದ ತೂತುಗಳು, ಪ್ರತಿಯೊಂದರಲ್ಲೂ ಕಿಟಕಿಯ ಬಿಸಿಲು ಚುಕ್ಕಿಯಾಗಿ ನಿಂತಿದೆ. ಎಷ್ಟು ಸರಿಯಾದ ತೂತುಗಳು, ಎಷ್ಟು ಸಮ, ಅಮ್ಮನ ಕೈಗೆ ಮಾತ್ರ ಬರುವಂಥವು. ಅಮ್ಮ ಹೊಲಿದಿದ್ದಾಳೆ, ನಿನ್ನೆ ಸಂಜೆಯೆಲ್ಲ, ಖಾಲಿ ಸೂಜಿಯಲ್ಲಿ. ನಿನ್ನೆ. ಬಾರೇ ಚಪ್ಪಲಿ ಅಂಗಡಿಗೆ, ನಿಮ್ಮಮ್ಮ ಏನು ಎಳೇ ಕೂಸಾ, ಅಂತ ಪಟಾಕಿ ಕೈ ಹಿಡಿದು ಎಳೆದಿದ್ದಳು, ಇವಳು ದಿಂಬು ನೋಡಿದ್ದಳು, ಸೂಜಿಗಳಿದ್ದವು, ಸಾಲಾಗಿ, ದಾರ ಇರುವವೋ ಕಪ್ಪು ದಾರ ಪೋಣಿಸಲೆಂದು ತಾನೇ ಖಾಲಿ ಮಾಡಿಟ್ಟವೋ ಅಂತ ಬಗ್ಗಿ ನೋಡಿರಲಿಲ್ಲ, ಈ ರೇಷ್ಮೆ ಎಳೆ ಎಷ್ಟು ಸಣ್ಣದೆಂದರೆ ಬೆರಳಿಗೆ ಅದರ ಭಾರ ಗೊತ್ತಾಗುವುದಿಲ್ಲ, ಉಸಿರು ಪೋಣಿಸಿದ ಹಾಗೆ, ಇದ್ದರೂ ಅಷ್ಟೇ ಇಲ್ಲದಿದ್ದರೂ ಅಷ್ಟೇ ಕೈಗೆ, ಕಣ್ಣು ಹೇಳಬೇಕು, ಕಣ್ಣು ಹೇಳಲಿಲ್ಲ. ಇವಳು ತಿರುಗಿ ಬಂದಾಗ ಅಮ್ಮ ಕಸೂತಿಯ ಮುಖದ ಮೇಲೆ ಬಟ್ಟೆ ಹೊದಿಸಿ ಪಿನ್ನು ಚುಚ್ಚುತ್ತಿದ್ದಳು, ಮುಗೀತು ಕಣೇ ಅಂದಿದ್ದಳು, ಅವಳ ಮುಖದಲ್ಲಿ ಎಂಥ ಬೆಳಕಿತ್ತು, ಚಪ್ಪಲಿ ತೋರಿಸು ಅಂತ ಕೈಯಲ್ಲಿ ಹಿಡಿದು ಸವರಿ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ ಅಂದಿದ್ದಳು. ಬಣ್ಣ ಚೆನ್ನಾಗಿದೆ ಅಂದಳಲ್ಲ. ಅಜ್ಜಿಯ ಕಥೆಯಲ್ಲಾದರೆ ಇಂಥ ಹೊತ್ತಿಗೆ ಇರುವೆಗಳು ಬರುತ್ತವೆ, ಬೆಳಗಾಗುವುದರೊಳಗೆ ರಾಶಿ ಕಾಳು ಆರಿಸಿಕೊಡುವ ಇರುವೆಗಳು, ಜೇಡ ಬರುತ್ತದೆ, ಮಗಳೇ ಅಳಬೇಡ ಅನ್ನುತ್ತದೆ, ತನ್ನ ಹೊಟ್ಟೆಯಿಂದ ದಾರ ತೆಗೆಯುತ್ತದೆ. ಕಿಟಕಿಯಲ್ಲಿ ಒಂದು ನೊಣ ಇದೆ. ಅದು ಗಾಜಿಗೆ ತಲೆ ಬಡಿದುಕೊಳ್ಳುತ್ತಿದೆ.

ಮುಕ್ಕಾಲು ಹಕ್ಕಿ ಒದ್ದೆಯಾಗಿದೆ, ಒಣಗುತ್ತ ಬಟ್ಟೆಯನ್ನು ಬಿಗಿಯುತ್ತದೆ, ಇಲ್ಲಿಗೇ ಬಿಟ್ಟರೆ ಅಂಟಿನ ಅಂಚಿನಲ್ಲಿ ಬಟ್ಟೆ ಸುಕ್ಕು ಹೊಡೆಯುತ್ತದೆ, ಆ ಸುಕ್ಕು ಎಂದಿಗೂ ಹೋಗುವುದಿಲ್ಲ, ಮುಂದೆ ಹಚ್ಚಿದರೆ ತೂತುಗಳಲ್ಲಿ ಅಂಟು ಕೂತು ಕಲ್ಲಾಗುತ್ತದೆ, ರೆಕ್ಕೆಯ ತುದಿಯಿಲ್ಲದ ಹಕ್ಕಿಯನ್ನು ಮೇಸ್ತ್ರಿ ನೋಡುತ್ತಾರೆ, ಬೈಯುವುದಿಲ್ಲ, ಅವರು ಬೈಯುವವರಲ್ಲ, ಇಷ್ಟು ವರ್ಷ ದುಡಿದಿದೀರ, ಇನ್ನು ಆರಾಮಾಗಿ ಕೂತ್ಕೊಳ್ಳಿ ಅನ್ನುತ್ತಾರೆ, ಮೂಲೆಯ ಮಣೆ ತೋರಿಸುತ್ತಾರೆ. ಹೊಲಿಯಬೇಕು. ಅಂಚನ್ನು ಒದ್ದೆ ಬಟ್ಟೆಯಿಂದ ಹಸಿಯಾಗಿಟ್ಟುಕೊಂಡು ಅಮ್ಮನ ತೂತುಗಳಲ್ಲೇ ಹೊಲಿಯಬೇಕು, ಕಪ್ಪು ದಾರ ಇದೆ, ಸೂಜಿ ಇದೆ, ಉಳಿದವರೆಲ್ಲ ಗಾಡಿಯಿಂದ ಬಟ್ಟೆ ಇಳಿಸಲು ಕೆಳಗೆ ಹೋಗಿದ್ದಾರೆ, ಕೋಣೆಯಲ್ಲಿ ಇರುವುದು ಅಮ್ಮ ಒಬ್ಬಳೇ, ಬಾಗಿಲ ಹತ್ತಿರ ಸ್ಟೂಲಿನ ಮೇಲೆ, ಗೋಡೆಗೆ ತಲೆ ಆನಿಸಿ, ಬಾಯಲ್ಲಿ ಏನೋ ಗುನುಗು. ಅದೇ. ಅಮ್ಮ ಒಬ್ಬಳೇ. ಚೌಕಟ್ಟಿಗೆ ಬಿಗಿದ ರೇಷ್ಮೆ ಚರ್ಮದ ವಾದ್ಯದ ಹಾಗೆ, ಸೂಜಿ ಹೊಕ್ಕರೆ ಟಪ್ ಅನ್ನುತ್ತದೆ, ದಾರ ಎಳೆದರೆ ಸರ್ ಅನ್ನುತ್ತದೆ, ಕಣ್ಣು ಹೋದಷ್ಟೂ ಅಮ್ಮನ ಕಿವಿ ಚುರುಕಾಗಿದೆ, ಮೆಟ್ಟಿಲ ಮೇಲೆ ಬರುತ್ತಿರುವುದು ಯಾರು ಅಂತ ಹೆಜ್ಜೆಯಲ್ಲೇ ಹೇಳುತ್ತಾಳೆ. ಅಂಟು ಹಚ್ಚುವವಳ ಕೈಯಲ್ಲಿ ಸೂಜಿಯ ಸದ್ದೇಕೆ. ಹೊಲಿದರೆ ಅಮ್ಮನಿಗೆ ಕೇಳುತ್ತದೆ, ಹೊಲಿಯದಿದ್ದರೆ ಮೇಸ್ತ್ರಿಗೆ ಕಾಣುತ್ತದೆ. ಅಮ್ಮನನ್ನು ಹೊರಗೆ ಕಳಿಸು, ನೀರು ತಾ ಅನ್ನು, ಆ ಕಡಿದಾದ ಮೆಟ್ಟಿಲಲ್ಲಿ ಒಬ್ಬಳೇ ಹೇಗೆ ಇಳಿದಾಳು. ಕೆಮ್ಮು, ಪ್ರತಿ ಹೊಲಿಗೆಗೂ ಕೆಮ್ಮು. ಹಾಡು.

ಆಯ್ತೇನೇ, ಅಂತ ಅಮ್ಮ ಕೇಳುತ್ತಾಳೆ. ಆಗ್ತಾ ಬಂತಮ್ಮ. ರೆಕ್ಕೆ ತುದೀಗೆ ಬಂದ್ಯಾ. ಹೂಂ. ಅಲ್ಲಿ ಅಂಟು ಕಡಿಮೆ ಹಾಕು ಮಗಾ, ಅಲ್ಲಿ ತುಂಬಾ ಒತ್ತಾಗಿ ಹೊಲ್ದಿದೀನಿ, ದಾರಾನೇ ದಾರಾನ ಹಿಡ್ಕೊಳ್ಳುತ್ತೆ, ನಿನ್ನೆ ಯಾಕೋ ಕೈ ಎಷ್ಟು ಹಗೂರ ಓಡ್ತು ಗೊತ್ತಾ, ನಾನು ಹುಡುಗಿಯಾಗಿದ್ದಾಗ ಓಡ್ತಿತ್ತಲ್ಲ ಹಾಗೆ. ಇವಳು ಕುಂಚವನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾಳೆ, ಹಿಟ್ಟಿನ ರುಚಿ, ಸಪ್ಪೆ, ಬೆಚ್ಚಗೆ. ಸೂಜಿ. ದಾರದ ತುದಿ ಕಣ್ಣಿನ ಆಚೆ ಹೋಗುತ್ತದೆ ಈಚೆ ಬರುತ್ತದೆ ಒಳಗೆ ಹೋಗುವುದಿಲ್ಲ, ಎಳೇ ಕಣ್ಣಂತೆ, ಎಳೇ ಕಣ್ಣಿನ ತುಂಬ ನೀರು, ಒರೆಸಿಕೊ, ಮತ್ತೆ, ಹೋಯಿತು. ಎಡಗೈ ಚೌಕಟ್ಟಿನಾಚೆ ಬಿಸಿಲಿನಲ್ಲಿ, ಬಲಗೈ ಈಚೆ ನೆರಳಿನಲ್ಲಿ, ಮೊದಲನೆಯ ತೂತಿಗೆ ಸೂಜಿಯ ಮೊನೆ ಇಡುತ್ತಾಳೆ, ತೂತು ಹಳೆಯದಲ್ಲವೇ, ಸದ್ದಾಗದೆ ಹೋಗಬಹುದು, ಮೆಲ್ಲಗೆ, ಇನ್ನೂ ಮೆಲ್ಲಗೆ — ಟಪ್. ಅಮ್ಮನ ಗುನುಗು ನಿಲ್ಲುತ್ತದೆ. ದಾರ ಎಳೆಯಲೇಬೇಕು, ಸರ್ ಅಂತ ಎಳೆಯುತ್ತಾಳೆ, ಒಂದು ಚುಕ್ಕಿ ಬೆಳಕು ಆರುತ್ತದೆ, ಎರಡನೆಯದಕ್ಕೆ, ಟಪ್, ಇನ್ನೊಂದು ಆರುತ್ತದೆ, ಸ್ಟೂಲು ಕಿರುಗುಟ್ಟುವುದಿಲ್ಲ, ಯಾರೂ ಏಳುವುದಿಲ್ಲ, ಏನೇ ಅದು ಸದ್ದು ಅಂತ ಕೇಳಲಿ, ಕೇಳಿದರೆ ಹೇಳಲು ಒಂದು ಸುಳ್ಳು ಸಿದ್ಧವಾಗಿದೆ, ಗಂಟು ಬಿಡಿಸ್ತಿದೀನಿ ಅಂತ, ಒಂದೇ ಒಂದು ಗಂಟು ಅಂತ, ಕೇಳಲಿ, ಅಮ್ಮ ಕೇಳುವುದಿಲ್ಲ, ಸುಮ್ಮನೆ ಆಲಿಸುತ್ತಾಳೆ, ಬೆನ್ನಿನ ಮೇಲೆ ಆ ಆಲಿಸುವಿಕೆ ಕೈ ಇಟ್ಟಂತೆ ಕೂತಿದೆ, ಟಪ್, ಕೆಳಗೆ ಗೇಟಿನ ಸದ್ದು, ಮೇಸ್ತ್ರಿಯ ಕೆಮ್ಮು, ಟಪ್, ಇನ್ನೂ ಎಷ್ಟೊಂದಿವೆ, ಗರಿಯ ಉದ್ದಕ್ಕೂ, ಆಚೆ ಗರಿಯ ಉದ್ದಕ್ಕೂ, ಆಗ ಅಮ್ಮ, ಮೇಸ್ತ್ರಿಗೆ ಕೇಳದಷ್ಟು ಸಣ್ಣಗೆ, ಎಂದೋ ಜ್ವರದಲ್ಲಿ ಮಲಗಿದ್ದ ಮಗಳನ್ನು ಕೇಳಿದಷ್ಟು ಮೆತ್ತಗೆ ಕೇಳುತ್ತಾಳೆ, ಎಲ್ಲಿಂದ ಖಾಲಿ ಇದೆ ಮಗಾ.

ಇವಳ ಸೂಜಿ ಅರ್ಧ ಬಟ್ಟೆಯೊಳಗೆ. ಎಲ್ಲಿಂದ. ಬಾಯಲ್ಲಿ ಕುಂಚ. ಎಲ್ಲಿಂದ ಅಂದರೆ. ತೂತುಗಳು. ಬೆಳಕಿನ ತೂತುಗಳು, ಒತ್ತೊತ್ತಾಗಿ, ಬಾಗುತ್ತ, ಒಂದೂ ತಪ್ಪಿಲ್ಲ, ತೂತುಗಳು, ಬೆಳಕು, ತೂತು, ಬೆಳಕು —