ತನುಶ್ರೀ ಬಿಟ್ಟ ಅಕ್ಷರ

ವಿಮಾನ ನಿಲ್ದಾಣದ ಪಕ್ಕದ ಮಂಡಕಳ್ಳಿಯ ಇಂದ್ರಮ್ಮನವರ ಮನೆಯಲ್ಲಿ ಯಾರ ಬಾಯಲ್ಲೂ ‘ಹ’ ಬರುವುದಿಲ್ಲ. ಅಲ್ಲಿ ಹಾಲು ‘ಆಲು’, ಹಸು ‘ಅಸು’. ಹಾಗಾಗಿ ಮೂರನೇ ತರಗತಿಯ ಮೊಮ್ಮಗಳು ತನುಶ್ರೀ ಸೊಪ್ಪಿಗೆ ‘ಒಪ್ಪು’ ಎಂದಾಗ ಯಾರೂ ಚಿಂತಿಸಲಿಲ್ಲ.

“ನಾವು ಒಂದಕ್ಷರ ನುಂಗಿದ್ರೆ ಇವಳು ಎರಡು ನುಂಗ್ತಾಳೆ. ನಮ್ಮನೆ ಕೂಸಲ್ವಾ!” ಎಂದು ಇಂದ್ರಮ್ಮ ನಗುತ್ತಿದ್ದರು.

ಶಾಲೆಯಲ್ಲಿ ಯಾರೂ ನಗಲಿಲ್ಲ. ಉಕ್ತಲೇಖನದ ತುಂಬಾ ಕೆಂಪು ಗೆರೆ. “ಹುಡುಗಿಗೆ ಗಮನ ಇಲ್ಲ” ಎಂದರು ಕ್ಲಾಸ್ ಟೀಚರ್. ಪಕ್ಕದಲ್ಲಿ ಕೂರುವ ಲಾಸ್ಯ ಮಾತ್ರ, ಟೀಚರ್ ಕರೆದಾಗಲೆಲ್ಲ ತನುಶ್ರೀಯ ಮೊಣಕೈ ಮುಟ್ಟುತ್ತಿದ್ದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಮುಟ್ಟುವಿಕೆಯನ್ನು ಪ್ರೇಮಲೀಲಾ ಗಮನಿಸಿದರು. ಅವರು ವಿಶೇಷ ಶಿಕ್ಷಕಿ. ಕಲಿಕೆಗೆ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ನೋಡಲು ಊರೂರಿನ ಶಾಲೆಗಳಿಗೆ ಬರುವವರು. ಅದೇ ಸಂಜೆ ತನುಶ್ರೀಯ ಮನೆಗೇ ಬಂದರು.

“ಮಗೂಗೆ ಕಿವಿ ಪರೀಕ್ಷೆ ಮಾಡಿಸ್ಬೇಕು ಕಣಮ್ಮ. ನೀವು ಒಪ್ಪಿದ್ರೆ ಶಾಲೆಯಿಂದಲೇ ಚೀಟಿ ಕೊಡಿಸ್ತೀನಿ” ಎಂದರು ತಾಯಿ ಬಿಂದುಶ್ರೀಗೆ.

ಬಿಂದುಶ್ರೀ ಬಾಯಿ ತೆರೆಯುವ ಮೊದಲೇ ಅತ್ತೆ ಇಂದ್ರಮ್ಮ ಸೊಪ್ಪು ಸೋಸುವ ಮೊರವನ್ನು ಕೆಳಗಿಟ್ಟರು.

“ಕಿವಿನಾ? ವಿಮಾನ ಬಂದ್ರೆ ನಮಗಿಂತ ಮೊದ್ಲು ಅಂಗಳಕ್ಕೆ ಓಡೋಳೇ ಇವ್ಳು. ಇವ್ಳಿಗೆ ಕಿವಿ ಕೇಳಲ್ವಾ? ಚೆನ್ನಾಗಿ ಏಳ್ಬುಟ್ರಿ!”

“ವಿಮಾನದ್ದು ದಪ್ಪ ಸದ್ದು ಕಣ್ರೀ. ‘ಸ’, ‘ಶ’ ಅನ್ನೋದು ತೆಳ್ಳಗಿನ ಸದ್ದು. ಕೆಲವು ಮಕ್ಕಳಿಗೆ ದಪ್ಪದ್ದು ಕೇಳುತ್ತೆ, ತೆಳ್ಳಗಿನದು ಜಾರಿ ಹೋಗುತ್ತೆ.”

“ನಂಗೊತ್ತು ಮೇಡಂ. ಮೊದ್ಲು ಪರೀಕ್ಷೆ ಅಂತೀರ, ಆಮೇಲೆ ಎಸ್ರು ಬರ್ಕೊತೀರ, ಕೊನೆಗೆ ಮಗೀನ ದೂರದ ಬ್ಯಾರೆ ಸ್ಕೂಲಿಗೆ ಸೇರಿಸ್ಬುಡ್ತೀರ. ಆ ಲಾಸ್ಯನ್ನ ಬಿಟ್ಟು ಒಂದಿನ ಇರಲ್ಲ ಇದು.” ಇಂದ್ರಮ್ಮ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಪ್ರೇಮಲೀಲಾ ವಾದಕ್ಕೆ ಇಳಿಯಲಿಲ್ಲ. ಎದ್ದು ತನುಶ್ರೀಯ ಬೆನ್ನ ಹಿಂದೆ ನಿಂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ ಹೇಳಿದರು: “ತನು, ಚೊಂಬು ತಗೊಂಬಾ.”

ಮಗು ಅಲುಗಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದು ಅಜ್ಜಿಯ ಮುಖ ನೋಡಿತು. ಇಂದ್ರಮ್ಮನಿಗೆ ತಡೆಯಲಾಗಲಿಲ್ಲ. ದನಿಯೇ ಇಲ್ಲದೆ, ಬರೀ ತುಟಿಯಲ್ಲಿ ‘ಚೊಂಬು’ ಎಂದರು.

ತನುಶ್ರೀ ಒಳಗೆ ಓಡಿ ಚೊಂಬು ತಂದಳು.

ಇಂದ್ರಮ್ಮ ಅದನ್ನು ಇಸಿದುಕೊಂಡು ಸೊಸೆಯ ಕಡೆ ತಿರುಗಿದರು. “ನಾನು ಉಸ್ರು ಬಿಡ್ಲಿಲ್ವಲ್ಲ ಬಿಂದು,” ಎಂದರು. “ಇಷ್ಟು ದಿನ ಇದು ನನ್ನ ಬಾಯಿ ನೋಡ್ಕೊಂಡೇ ಇತ್ತಾ?”

ಬಿಂದುಶ್ರೀ ಕಣ್ಣೊರೆಸಿಕೊಂಡು ಕೇಳಿದಳು: “ಮೇಡಂ, ಮಾರ್ಕ್ಸ್ ಕಡಿಮೆ ಬಂದ್ರೆ ಸಾಕಾ, ನಿಮ್ಮಂಥ ಟೀಚರ್ ನೆರವು ಸಿಗೋಕೆ?”

“ಅಷ್ಟೇ ಸಾಲಲ್ಲ ಕಣಮ್ಮ. ಮೊದಲು ಕಣ್ಣು, ಕಿವಿ ನೋಡ್ತಾರೆ. ಆಮೇಲೆ ಬೇಕಿದ್ರೆ ಓದು, ಬರಹ, ಬುದ್ಧಿ, ಮಾತು ಎಲ್ಲಾನೂ ತಜ್ಞರು ಪರೀಕ್ಷೆ ಮಾಡ್ತಾರೆ. ತೊಂದರೆ ಇದೆಯಾ, ಅದ್ರಿಂದ ಕಲಿಕೆಗೆ ಅಡ್ಡಿ ಆಗ್ತಿದೆಯಾ, ಎರಡೂ ನೋಡ್ಬೇಕು. ಇದೆ ಅಂದ್ರೆ ನಿಮ್ಮನ್ನೂ ಕೂರಿಸ್ಕೊಂಡು ಏನು ನೆರವು ಬೇಕು ಅಂತ ತೀರ್ಮಾನ ಮಾಡ್ತೀವಿ. ಸರ್ಕಾರದ ಸೌಲಭ್ಯಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಮುಂದಿನ ಬೆಂಚಲ್ಲಿ ಕೂರ್ಸೋಕೆ ಯಾವ ಸೀಲೂ ಬೇಡ, ನಾಳೆಯಿಂದಲೇ ಕೂರ್ಸೋಣ.”

“ಮತ್ತೆ ಸ್ಕೂಲು?” ಎಂದರು ಇಂದ್ರಮ್ಮ.

“ಇದೇ ಸ್ಕೂಲು. ಎಲ್ಲರ ಜೊತೆ ಕಲಿಯೋ ಹಕ್ಕನ್ನ ಕಾನೂನೇ ಕೊಟ್ಟಿದೆ. ನಿಮ್ಮನ್ನ ಕೇಳ್ದೆ ಯಾರೂ ಎಲ್ಲಿಗೂ ಕಳಿಸಲ್ಲ.”

“ಅಂಗಾದ್ರೆ ಒಪ್ಗೆ ಬರೆದುಕೊಡು ಬಿಂದು, ಯಾಕೆ ನಿಂತಿದ್ದೀಯ?” ಎಂದು ಇಂದ್ರಮ್ಮ ಸೊಸೆಯನ್ನೇ ಗದರಿದರು.

ಪರೀಕ್ಷೆಯಲ್ಲಿ ತನುಶ್ರೀಗೆ ತೆಳ್ಳಗಿನ ಸದ್ದು ಕೇಳುವುದಿಲ್ಲವೆಂದು ತಿಳಿಯಿತು. ಶ್ರವಣ ಸಾಧನ ಬಂತು. ಕ್ಲಾಸ್ ಟೀಚರ್ ಈಗ ಬೋರ್ಡಿನ ಕಡೆ ತಿರುಗಿ ಪಾಠ ಹೇಳುವುದಿಲ್ಲ, ಮಕ್ಕಳಿಗೆ ಮುಖ ಕೊಟ್ಟು ಮಾತನಾಡುತ್ತಾರೆ. ಪ್ರೇಮಲೀಲಾ ಬಂದಾಗ ಬಿಟ್ಟ ಅಕ್ಷರಗಳನ್ನು ಒಂದೊಂದಾಗಿ ಕಲಿಸುತ್ತಾರೆ. ಎಲ್ಲವೂ ಸರಿಯಾಗಿಲ್ಲ, ಕೆಂಪು ಗೆರೆಗಳು ಇನ್ನೂ ಇವೆ. ಆದರೆ ಕಡಿಮೆಯಾಗುತ್ತಿವೆ.

ಸಾಧನ ಹಾಕಿಸಿಕೊಂಡು ಮನೆಗೆ ಬಂದ ದಿನ ತನುಶ್ರೀ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ನಿಂತಳು. ಮತ್ತೆ ನಡೆದಳು. ಮತ್ತೆ ನಿಂತಳು. ಬಗ್ಗಿ ಪಾದ ನೋಡಿಕೊಂಡಳು.

“ಅಜ್ಜೀ, ನನ್ ಕಾಲು ಮಾತಾಡ್ತದೆ!”

“ಗೆಜ್ಜೆ ಕಣವ್ವ ಅದು,” ಎಂದರು ಇಂದ್ರಮ್ಮ, “ನೀನು ನಡೆಯೋಕೆ ಕಲ್ತಾಗಿಂದ ಆಕಿದ್ದೀನಿ.”

ಅಮ್ಮಂದಿರೇ, ಅಜ್ಜಿಯರೇ, ಅಪ್ಪಂದಿರೇ, ನಿಮ್ಮ ಮಗು ಅಕ್ಷರ ಬಿಡುತ್ತಿದೆಯೇ? ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುತ್ತಿದೆಯೇ? ಎಷ್ಟು ಕಲಿಸಿದರೂ ಓದು ಹತ್ತುತ್ತಿಲ್ಲವೇ? ದಡ್ಡ, ಸೋಮಾರಿ ಎಂದುಬಿಡಬೇಡಿ. ಮನೆಯ ಮಾತೇ ಹೀಗೆ ಎಂದು ನಕ್ಕು ಸುಮ್ಮನಾಗಲೂಬೇಡಿ. ಪರೀಕ್ಷೆ ಮಾಡಿಸಿ ಎಂದು ಶಾಲೆಗೆ ಬರೆದು ಕೇಳುವ ಹಕ್ಕು ನಿಮಗಿದೆ. ನಾಳೆ ಮಗುವನ್ನು ಬಿಡಲು ಹೋದಾಗ ಗೇಟಿನಿಂದಲೇ ತಿರುಗಬೇಡಿ. ಒಳಗೆ ಹೋಗಿ, ಕೇಳಿ.