ಉಡಿಗೆ ಹಾಕಿದ ತೆನೆ

ಕೊಯ್ದ ಮೆಕ್ಕೆಜೋಳದ ದಂಟುಗಳನ್ನು ಸುಡಲೆಂದು ತೆನೆ ಸಮೇತ ಗುಂಡಿಗೆ ಹಾಕಿಸುತ್ತಿದ್ದ ಬೀಜದ ಕಂಪನಿಯ ಪ್ರವೀಣಕುಮಾರ್ ಒಮ್ಮೆಲೆ ಕೈ ಎತ್ತಿ ಆಳುಗಳನ್ನು ನಿಲ್ಲಿಸಿದ. ಬದುವಿನ ಪಕ್ಕದ, ಇನ್ನೂ ಕೊಯ್ಯದ ಸಾಲಿನಲ್ಲಿ ಎರಡು ಗಿಡಗಳಿಗೆ ತೆನೆ ಇರಲಿಲ್ಲ.

"ಯಜಮಾನ್ರೇ, ಇವನ್ನ ಯಾರು ಮುರಿದಿದ್ದು?"

"ಹಂದಿ ಬಂದಿರಬೇಕು ಬಿಡ್ರಿ" ಎಂದ ಹೊಲದ ಯಜಮಾನ ಉಚ್ಚಂಗೆಪ್ಪ.

"ಹಂದಿ ಆಗಿದ್ರೆ ಗಿಡಾನೂ ಉರುಳಿಸ್ತಿತ್ತು. ನಿಮ್ಮ ತೆಲಿಗಿ ಊರಿನ ಹಂದಿಗೆ ಕೈ ಇದಾವೇನು?"

ಆಳುಗಳು ನಕ್ಕರು. ಬುತ್ತಿ ತಂದಿದ್ದ ಉಚ್ಚಂಗೆಪ್ಪನ ಹೆಂಡತಿ ಅಂಜಿನಕ್ಕ ನಗಲಿಲ್ಲ. ಹುಳ ಮುಟ್ಟದಂಥ ಹೊಸ ತಳಿಯೆಂದು ಕಂಪನಿಯವರು ಅವರ ಹೊಲದ ಮೂಲೆಗೆ ಬಲೆ ಕಟ್ಟಿ ಪರೀಕ್ಷೆಗೆ ಬಿತ್ತಿದ್ದರು. ಒಂದು ಕಾಳೂ ಹೊರಗೆ ಹೋಗಬಾರದೆಂದು ಮೊದಲೇ ಹೇಳಿದ್ದರು. ಆದರೆ ಹೋದ ವಾರ ಬಸುರಿ ಮಗಳು ಯಶೋಧಾ ಕೊಟ್ಟೂರಿನ ಗಂಡನ ಮನೆಗೆ ಹೊರಟಾಗ, ಹೊಸ ಬೆಳೆ ಮೊದಲು ಮನೆಮಗಳ ಉಡಿಗೆ ಬೀಳಲೆಂದು ಅಂಜಿನಕ್ಕ ಅಕ್ಕಿ, ಕೊಬ್ಬರಿಯ ಜೊತೆ ಎರಡು ಹಾಲುತೆನೆ ಇಟ್ಟಿದ್ದಳು. ಮಗಳ ಉಡಿಗೆ ಹಾಕಿದ್ದು ಹೊರಗೆ ಹೋದಂತೆ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ.

"ತಿಂದ್ರ ಏನಾಕ್ಕೈತ್ರಿ?" ಎಂದಳು.

ಪ್ರವೀಣಕುಮಾರ್ ತಿರುಗಿ ನೋಡಿದ. "ಏನೂ ಆಗ್ಲಿಕ್ಕಿಲ್ಲಮ್ಮ."

"ಆಗ್ಲಿಕ್ಕಿಲ್ಲ ಅಂದ್ರ? ಆಗಂಗಿಲ್ಲ ಅನ್ರಿ."

ಅವನು ಕುತ್ತಿಗೆಯ ಬೆವರು ಒರೆಸಿಕೊಂಡ. "ಅದನ್ನ ತಿಳ್ಕಳಾಕೇ ಈ ಪರೀಕ್ಷೆ. ನನಗೆ ಸುಡು ಅಂತ ಹೇಳ್ಯಾರೆ, ಅಷ್ಟೇ ಗೊತ್ತು. ಯಾರು ತಿಂದ್ರು?"

"ಯಾರೂ ಇಲ್ರಿ. ಇಕಿಗೆ ಎಲ್ಲಾದಕ್ಕೂ ಅಂಜಿಕಿ" ಎಂದು ಉಚ್ಚಂಗೆಪ್ಪ ನಡುವೆ ಬಾಯಿ ಹಾಕಿದ. ಅವಳ ಹತ್ತಿರ ಬಂದು ಹಲ್ಲು ಕಚ್ಚಿ ಅಂದ: "ಸುಮ್ನಿರ್ತೀಯೋ ಇಲ್ಲೋ. ಪೊಲೀಸ್ರು ಮನಿಗೆ ಬರ್ಬೇಕೇನು?"

ಅಂಜಿನಕ್ಕ ಬೇವಿನ ಮರದ ಕೆಳಗೆ ಹೋಗಿ ಮಗಳಿಗೆ ಫೋನ್ ಹಚ್ಚಿದಳು.

"ಹೂಂ ಬೇ, ಬಂದ ದಿನಾನ ಎರಡೂ ಸುಟ್ಕೊಂಡು ತಿಂದೆ. ಸಕ್ಕರಿ ಇದ್ದಂಗ ಇದ್ವು."

"ಕೂಸು ಆಡತೈತೇನು?"

"ನಿನ್ನಿ ಒದ್ದಿದ್ದೇ ಒದ್ದಿದ್ದು. ಮುಂಜಾನಿಂದ ಸುಮ್ನೈತಿ, ಮಲಗೇತೇನೋ. ಯಾಕಬೇ?"

"ಹೊಟ್ಟಿ ಮ್ಯಾಲೆ ಕೈ ಇಟ್ಟು ನೋಡು. ಫೋನ್ ಇಡಬ್ಯಾಡ."

ಆ ಕಡೆ ಬಳೆಗಳು ಸದ್ದಾಗಿ ನಿಂತವು. ಕೈ ಸರಿಸಿದಂತೆ ಮತ್ತೆ ಸದ್ದಾದವು, ಮತ್ತೆ ನಿಂತವು.

ಅಂಜಿನಕ್ಕ ಫೋನನ್ನು ಕಿವಿಗೆ ಒತ್ತಿಕೊಂಡೇ ಪ್ರವೀಣಕುಮಾರನ ಕಡೆ ನಡೆದಳು. ಗಂಡ ಅಡ್ಡ ನಿಂತ; ಅವನ ಪಕ್ಕದಿಂದ ದಾಟಿ ಹೋದಳು. ಗುಂಡಿಗೆ ಆಗಲೇ ಬೆಂಕಿ ಹಚ್ಚಿದ್ದರು. ಹೊಗೆಯ ಜೊತೆ ಸುಟ್ಟ ತೆನೆಯ ಸಿಹಿ ವಾಸನೆ ಹೊಲದ ತುಂಬ ಹರಡುತ್ತಿತ್ತು. ಬದುವಿನ ಮೇಲೆ ಕೂತಿದ್ದ ಆಳೊಬ್ಬ ಅದನ್ನು ಮೂಸಿ, ಬಾಯಲ್ಲಿ ಬಂದ ನೀರನ್ನು ನುಂಗಿಕೊಂಡ.