ಖಾಲಿ ಗದ್ದುಗೆಯ ಚರಿತ್ರೆ

"ಇದನ್ನ ಯಾರು ಬರದವರು?" ಶಿವಮೂರ್ತಯ್ಯನವರು ಪ್ರೂಫ್ ಹಾಳೆಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದರು.

"ನಾನ ಬರದೇನ್ರೀ ಅಯ್ಯಾರ," ಎಂದ ಕಾಶಿಯ ಮಠದ ವ್ಯವಸ್ಥಾಪಕ ತೋಂಟೇಶ, ನಾಚಿಕೆಯ ಲವಲೇಶವೂ ಇಲ್ಲದೆ. "ನೀವು ಬರದ ಮಠದ ಚರಿತ್ರಿ ಭಾಳ ಚಲೋ ಐತಿ. ಆ ಒಂದು ಪುಟ ಅಷ್ಟ ತಿದ್ದೇನಿ."

ಆ ಒಂದು ಪುಟಕ್ಕಾಗಿ ಅಯ್ಯನವರು ಆರು ವರ್ಷ ಕಪಾಟುಗಳ ಧೂಳು ತಿಂದಿದ್ದರು. ಮೂರನೆಯ ಸ್ವಾಮಿಗಳು ಪ್ಲೇಗಿನಲ್ಲಿ ತೀರಿಕೊಂಡಾಗ ಮಠದಲ್ಲಿದ್ದ ಶಿಷ್ಯರೆಲ್ಲ ಓಡಿಹೋಗಿದ್ದರು. ಕೂರಿಸಿ ಹೂಳಬೇಕಾದ ಗುರುವನ್ನು ಯಾರೋ ಗುರುತಿಲ್ಲದವರು ಹರಿಶ್ಚಂದ್ರ ಘಾಟಿಗೆ ಹೊತ್ತೊಯ್ದು ಸುಟ್ಟುಬಿಟ್ಟರು. ಮರಳಿ ಬಂದ ಶಿಷ್ಯರು ಬರಿಯ ಮಣ್ಣಿನ ಮೇಲೆ ಗದ್ದುಗೆ ಕಟ್ಟಿ ಬಾಯಿ ಮುಚ್ಚಿಕೊಂಡರು. ಅಂದಿನ ಅಡುಗೆಯವನೊಬ್ಬ ಮಾತ್ರ ಇದನ್ನೆಲ್ಲ ಬರೆದಿಟ್ಟಿದ್ದ. ತೋಂಟೇಶನ ಪುಟದಲ್ಲಿ ಅದೇ ಸ್ವಾಮಿಗಳು ಪದ್ಮಾಸನದಲ್ಲಿ ಲಿಂಗೈಕ್ಯರಾಗಿದ್ದರು. ನೆತ್ತಿಯಿಂದ ಜ್ಯೋತಿ ಬೇರೆ ಹೊರಟಿತ್ತು! ಅಯ್ಯನವರು ಹಾಳೆಯನ್ನು ತೋಂಟೇಶನ ಮುಂದೆ ಎಸೆದರು.

"ಥೂ! ನನ್ನ ಹೆಸರಿನ್ಯಾಗ ಈ ಹೊಲಸು ಛಾಪಸಬ್ಯಾಡ."

"ಗದ್ದುಗಿ ಖಾಲಿ ಅಂದ್ರ ನಮ್ಮ ಊರ ಕಡೀ ಮಂದಿ ಯಾಕ ಬರ್ತಾರ್ರೀ ಇಲ್ಲಿಗೆ?"

"ಬರದಿದ್ರ ಬಿಡ್ಲಿ. ಸುಳ್ಳು ಬರಿಯಾವ ನಾ ಅಲ್ಲ."

ಅಷ್ಟರಲ್ಲಿ ಬಸವಣ್ಣೆಮ್ಮ ಬಾಗಿಲಿಗೆ ಬಂದಳು. ಗದಗಿನಿಂದ ಬಂದು ವಾರದಿಂದ ಮಠದಲ್ಲೇ ಇಳಿದುಕೊಂಡಿದ್ದವಳು; ಇಲ್ಲಿನ ಆಸ್ಪತ್ರೆಯಲ್ಲಿ ಇವತ್ತು ಮಗಳಿಗೆ ಆಪರೇಷನ್. ಗದ್ದುಗೆಯ ನಿತ್ಯಪೂಜೆ ಅಯ್ಯನವರದೇ ಆದ್ದರಿಂದ ಅವರೇ ಎದ್ದು ವಿಭೂತಿ ತಂದು ಕೊಟ್ಟರು. ಸೆರಗಿನ ತುದಿಗೆ ಕಟ್ಟಿಕೊಂಡವಳು ಅಲ್ಲೇ ನಿಂತಳು.

"ಅಜ್ಜಾರ, ಅಪ್ಪಾರು ಗದ್ದುಗಿ ಒಳಗ ಕುಂತ ಅದಾರಲ್ರೀ? ನನ್ನ ಮಾತು ಅವರಿಗೆ ಕೇಳಸ್ತೈತಲ್ರೀ?"

"ಅದಾರವ್ವಾ. ಕೇಳಸ್ತೈತಿ."

ತಡವರಿಸದೆ, ಎಷ್ಟೋ ವರ್ಷದ ರೂಢಿಯೆಂಬಂತೆ ಬಂತು ಮಾತು. ಬಸವಣ್ಣೆಮ್ಮ ಕಣ್ಣೊರೆಸಿಕೊಂಡು ಗಲ್ಲಿಗೆ ಇಳಿದಳು. ಅಯ್ಯನವರಿಗೆ ತಮ್ಮ ನಾಲಿಗೆಯ ಮೇಲೆಯೇ ಹೇಸಿಗೆ ಹುಟ್ಟಿತು. ತೋಂಟೇಶ ಗೆದ್ದವನಂತೆ ನಕ್ಕಿದ್ದರೆ ನಾಲ್ಕು ಬೈಯಬಹುದಿತ್ತು. ಅವನು ಹಾಳೆಯನ್ನಷ್ಟೇ ಅವರ ಮುಂದೆ ಸರಿಸಿದ.

ಅಯ್ಯನವರು ಕನ್ನಡಕ ಏರಿಸಿ ಜ್ಯೋತಿಯ ವಾಕ್ಯವನ್ನು ಮತ್ತೊಮ್ಮೆ ಓದಿದರು.

"ತಿಥಿ ಹಾಕಿಲ್ಲಲ್ಲೋ," ಎಂದರು. "ತಿಥಿ ಇಲ್ಲಂದ್ರ ಯಾರು ನಂಬ್ತಾರ?"

ಪೆನ್ನಿನ ಮುಚ್ಚಳ ತೆಗೆದು, ಅಂಚಿನಲ್ಲಿ ದುಂಡಗೆ ಬರೆದರು: 'ಮಾಘ ಬಹುಳ ತ್ರಯೋದಶಿ, ಸೋಮವಾರ, ಸೂರ್ಯೋದಯಕ್ಕೆ ಮುನ್ನ.' ಆಮೇಲೆ ಶಾಯಿ ಆರುವವರೆಗೂ ಮೆಲ್ಲಗೆ ಊದುತ್ತ ಕುಳಿತರು.